ಮೂಳೆ ಮುರಿದವರ ಊಟ ಅಳೆಯೋದು ಹೇಗೆ

ಕೊಡಗಿನ ಗೋಣಿಕೊಪ್ಪದಲ್ಲಿ ಆಶಾ ಕಾರ್ಯಕರ್ತೆಯರು, ಮನೇಲಿ ರೋಗಿ ನೋಡ್ಕೊಳ್ಳೋರು ಸೇರಿದ್ದ ಕಡೆ ಆಡಿದ ಮಾತು ಇದು. ಬರೆದು ಹಾಕಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಮಾತಾಡಿದ ಹಾಗೇ ಬರೆದಿದ್ದೀನಿ, ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೀನಿ.

ಎಲ್ರಿಗೂ ನಮಸ್ಕಾರ. ನಮ್ಮ ಕಡೆ ಯಾರಿಗಾದ್ರೂ ಮೂಳೆ ಮುರೀತು ಅಂದ್ರೆ ಆಸ್ಪತ್ರೆಯಿಂದ ಬಂದ ದಿನವೇ ಮನೆಗೆ ಎರಡು ಬರುತ್ತೆ, ಒಂದು ಕ್ಯಾಲ್ಸಿಯಂ ಮಾತ್ರೆ ಡಬ್ಬ, ಇನ್ನೊಂದು ಕಾಲು ಸೂಪು. ನೋಡೋಕೆ ಬಂದವರೆಲ್ಲ ಸೂಪು ಕೊಟ್ರಾ, ಸೂಪು ಕೊಟ್ರಾ ಅಂತಾರೆ. ಯಾರೂ ಕೇಳದೇ ಇರೋದು ಏನಂದ್ರೆ ಈ ಅಜ್ಜಿ ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ತಿಂದ್ರು, ಎಷ್ಟು ತಿಂದ್ರು, ತಟ್ಟೇಲಿ ಎಷ್ಟು ಬಿಟ್ರು. ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದು ಇದೊಂದೇ: ಮೂಳೆಗೆ ಏನು ಕೊಡ್ಬೇಕು ಅನ್ನೋದಕ್ಕೆ ಮುಂಚೆ ಮನುಷ್ಯನಿಗೆ ಎಷ್ಟು ಬೇಕು, ಎಷ್ಟು ಹೋಗ್ತಿದೆ ಅನ್ನೋ ಲೆಕ್ಕ ಹಾಕ್ಬೇಕು, ಆ ಲೆಕ್ಕ ನೀವೇ ಹಾಕ್ಬಹುದು, ಟೇಪು, ತಕ್ಕಡಿ, ಒಂದು ನೋಟ್‌ಬುಕ್ ಸಾಕು.

ಮೊದ್ಲು ಇದನ್ನ ಕೈಯಲ್ಲಿ ಹಿಡ್ಕೊಂಡು ನೋಡಿ, ಹಿಂದಿನ ಸಾಲಿಗೂ ಕೊಡಿ. ಇದು ಕೋಳಿ ಕಾಲಿನ ಮೂಳೆ, ವಿನೆಗರ್‌ನಲ್ಲಿ ಕೆಲವು ದಿನ ನೆನೆಸಿಟ್ಟಿದ್ದು. ಬಗ್ಗಿಸಿ, ಬಗ್ಗುತ್ತೆ, ಮುರಿಯಲ್ಲ. ವಿನೆಗರ್ ಏನು ಮಾಡ್ತು ಅಂದ್ರೆ ಒಳಗಿದ್ದ ಕ್ಯಾಲ್ಸಿಯಂನ ಕರಗಿಸಿ ತೆಗೀತು, ಉಳಿದಿದ್ದು ಈ ಮೆತ್ತಗಿನ ಹಂದರ. ಇದು ಪ್ರೋಟೀನು, ಹೆಚ್ಚಿನ ಪಾಲು ಕೊಲಾಜನ್. ಮುರಿದ ಜಾಗದಲ್ಲಿ ದೇಹ ಮೊದ್ಲು ಕಟ್ಟೋದು ಈ ಮೆತ್ತಗಿನದನ್ನೇ, ಎರಡು ಮೂರು ವಾರ ಅದೇ ಕೆಲಸ ನಡೀತಿರುತ್ತೆ, ಆಮೇಲೆ ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫರಸ್ ಕೂತು ಗಟ್ಟಿಯಾಗುತ್ತೆ, ಆಮೇಲೆ ತಿಂಗಳುಗಟ್ಟಲೆ, ಕೆಲವ್ರಿಗೆ ವರ್ಷಗಟ್ಟಲೆ, ಅದನ್ನ ತಿದ್ದಿ ತಿದ್ದಿ ಸರಿ ಮಾಡ್ಕೊಳ್ಳುತ್ತೆ. ಪ್ರೋಟೀನ್ ಹಂದರವೇ ಇಲ್ಲದಿದ್ರೆ ನೀವು ನುಂಗಿಸಿದ ಕ್ಯಾಲ್ಸಿಯಂ ಎಲ್ಲಿ ಹೋಗಿ ಕೂರ್ಬೇಕು ಹೇಳಿ. ಕೊಲಾಜನ್ ಸರಿಯಾಗಿ ಹೆಣೆಯೋಕೆ ವಿಟಮಿನ್ ಸಿ ಬೇಕೇ ಬೇಕು, ಅದಕ್ಕೆ ಮಾತ್ರೆ ಏನೂ ಹುಡುಕಬೇಡಿ, ಹಿತ್ತಲಲ್ಲಿ ಸೀಬೆ ಮರ ಇದ್ಯಲ್ಲ, 100 ಗ್ರಾಂ ಸೀಬೆ ಹಣ್ಣಲ್ಲಿ 200 ಮಿಲಿಗ್ರಾಂ ಆಸುಪಾಸು ಸಿಗುತ್ತೆ, ದಿನಕ್ಕೆ ಬೇಕಿರೋದು 65ರಿಂದ 80. ನೆಲ್ಲಿಕಾಯಿ ಇನ್ನೂ ಒಳ್ಳೇದು, ನಮ್ಮ ಕಿತ್ತಳೆನೂ ಆಗುತ್ತೆ.

ಇದನ್ನ ತೋರಿಸಿದ ಕೂಡ್ಲೇ ಒಬ್ರು ಅಕ್ಕ ಕೇಳಿದ್ರು, ಹಾಗಾದ್ರೆ ಕಾಚಂಪುಳಿ, ಅಂದ್ರೆ ನಮ್ಮ ಕೊಡಗಿನ ಕಪ್ಪು ಹುಳಿ ರಸ, ಹಾಕಿದ ಪಂದಿ (ಹಂದಿ) ಕರಿ ತಿಂದ್ರೆ ನಮ್ಮ ಮೂಳೆನೂ ಹೀಗೇ ಕರಗುತ್ತಾ, ನಮ್ಮ ಅತ್ತೆ ಹುಳಿ ಮುಟ್ಟಬೇಡ ಅಂತಾರೆ. ಒಳ್ಳೆ ಪ್ರಶ್ನೆ. ಇಲ್ಲ, ಕರಗಲ್ಲ. ನಮ್ಮ ಹೊಟ್ಟೆಯೊಳಗೆ ಊಟ ಅರಗಿಸೋ ಆಮ್ಲ ಇದೆಯಲ್ಲ ಅದೇ ವಿನೆಗರ್‌ಗಿಂತ ಜೋರು, ತಿಂದ ಹುಳಿ ಹುಳಿಯಾಗೇ ರಕ್ತಕ್ಕೆ ಹೋಗಲ್ಲ, ರಕ್ತದ ಆಮ್ಲದ ಮಟ್ಟನ ಶ್ವಾಸಕೋಶ, ಕಿಡ್ನಿ ಎರಡೂ ಸೇರಿ ಒಂದೇ ಹದದಲ್ಲಿ ಇಟ್ಕೊಂಡಿರುತ್ತವೆ. ಎದೆ ಉರಿ ಬರುತ್ತೆ ಅನ್ನೋರು ಕಡಿಮೆ ಮಾಡಿ, ಬಿಟ್ರೆ ಮೂಳೆಗಾಗಿ ಕಾಚಂಪುಳಿ ಬಿಡೋ ಅಗತ್ಯ ಇಲ್ಲ.

ಈಗ ಅಳತೆ ವಿಷಯಕ್ಕೆ ಬರ್ತೀನಿ. ನಮ್ಮ ಜಿಲ್ಲೇಲಿ ನಾನು ನೋಡೋದು ಹೆಚ್ಚಾಗಿ ಎರಡು ಥರದವ್ರನ್ನ. ಒಂದು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲೋ ಬಚ್ಚಲಲ್ಲೋ ಜಾರಿ ಸೊಂಟದ ಮೂಳೆ ಮುರ್ಕೊಂಡ ಅಜ್ಜಿ ತಾತಂದಿರು. ಇನ್ನೊಂದು, ಮೆಣಸು ಕುಯ್ಯೋವಾಗ ಏಣಿ ಜಾರಿ, ಇಲ್ಲ ಮರಗಸಿ ಮಾಡೋವಾಗ, ಅಂದ್ರೆ ತೋಟದ ನೆರಳಿನ ಮರದ ಕೊಂಬೆ ಕಡಿಯೋವಾಗ, ಸಿಲ್ವರ್ ಮರದಿಂದ ಬಿದ್ದ ಕೆಲಸದವ್ರು. ಇವ್ರಿಬ್ರ ಲೆಕ್ಕ ಬೇರೆ ಬೇರೆ, ಆದ್ರೆ ಶುರು ಮಾಡೋದು ಒಂದೇ ಕಡೆಯಿಂದ, ತೂಕದಿಂದ.

ನಿಲ್ಲೋಕೇ ಆಗದವ್ರ ತೂಕ ಹೆಂಗೆ ನೋಡೋದು ಅಂತೀರಾ. ತೋಟದ ಮನೇಲಿ ಕಾಫಿ ಮೂಟೆ ತೂಗೋ ಪ್ಲಾಟ್‌ಫಾರ್ಮ್ ಸ್ಕೇಲ್ ಇರುತ್ತೆ, ಅದರ ಮೇಲೆ ಕುರ್ಚಿ ಇಟ್ಟು, ಕೂರೋಕೆ ಡಾಕ್ಟರ್ ಒಪ್ಪಿದ್ಮೇಲೆ ಮಾತ್ರ, ಇಬ್ರು ಹಿಡ್ಕೊಂಡು ಕೂರಿಸಿ ತೂಗಿ, ಆಮೇಲೆ ಕುರ್ಚಿ ತೂಕ ಕಳೀರಿ. ಪ್ಲಾಸ್ಟರ್ ತೂಕನೂ ಕಳೀಬೇಕು, ತೊಡೆವರೆಗಿನ ಪ್ಲಾಸ್ಟರ್ ಒಂದೆರಡು ಕೆಜಿ ಬರುತ್ತೆ, ಅದನ್ನ ಮರೆತ್ರೆ ಸೊರಗಿದವ್ರೂ ಸರಿಯಾಗಿದ್ದಾರೆ ಅಂತ ಕಾಣಿಸುತ್ತೆ. ಕಾಲಲ್ಲಿ ನೀರು ತುಂಬಿ ಊದಿದ್ರೂ ಅಷ್ಟೇ, ತೂಕ ಜಾಸ್ತಿ ತೋರಿಸುತ್ತೆ. ಬೀಳೋಕೆ ಮುಂಚಿನ ತೂಕ ಎಷ್ಟಿತ್ತು ಅಂತ ಹಳೇ ಶುಗರ್ ಚೀಟಿ, ಬಿಪಿ ಚೀಟಿ ತೆಗೆದು ನೋಡಿ, ಅದರಲ್ಲಿ ಬರೆದಿರ್ತಾರೆ. ಮುಂಚೆ 48 ಕೆಜಿ ಇದ್ದವ್ರು ಈಗ 45 ಆಗಿದ್ರೆ ನೂರಕ್ಕೆ ಆರರ ಮೇಲೆ ಇಳಿದಿದೆ ಅಂತ ಅರ್ಥ. ಒಂದು ತಿಂಗಳೊಳಗೆ ನೂರಕ್ಕೆ 5ಕ್ಕಿಂತ ಜಾಸ್ತಿ, ಇಲ್ಲ ಆರು ತಿಂಗಳೊಳಗೆ 10ಕ್ಕಿಂತ ಜಾಸ್ತಿ ಇಳಿದ್ರೆ ಅದನ್ನ ನಾವು ಸೀರಿಯಸ್ಸಾಗಿ ತಗೋತೀವಿ.

ತೂಗೋಕೇ ಆಗಲ್ವಾ, ಟೈಲರ್ ಟೇಪು ತಗೊಳ್ಳಿ. ಪೆಟ್ಟಾಗದ ಕಾಲಿನ ಮೀನಖಂಡದ ಅತಿ ದಪ್ಪ ಜಾಗದಲ್ಲಿ ಸುತ್ತಳತೆ ನೋಡಿ, ವಯಸ್ಸಾದವ್ರಲ್ಲಿ 31 ಸೆಂಟಿಮೀಟರ್‌ಗಿಂತ ಕಡಿಮೆ ಇದ್ರೆ ಮಾಂಸ ಕರಗಿದೆ ಅಂತ ಲೆಕ್ಕ. ಹಾಗೇ ಕಣ್ಣಿಗೆ ಕಾಣೋ ಗುರುತುಗಳು ಇವೆ, ಬಳೆ ಮೊಣಕೈವರೆಗೆ ಜಾರ್ತಾ ಇದ್ಯಾ, ಉಂಗುರ ಬಿದ್ದು ಹೋಗುತ್ತಾ, ಹಲ್ಲಿನ ಸೆಟ್ಟು ಸಡಿಲ ಆಗಿ ಅಗಿಯೋಕೆ ಆಗ್ತಿಲ್ವಾ. ಈ ಹಲ್ಲಿನ ಸೆಟ್ಟು ವಿಷಯ ದಯವಿಟ್ಟು ವಿಚಾರಿಸಿ, ಆಸ್ಪತ್ರೆಗೆ ಹೋಗೋವಾಗ ತೆಗೆದು ಕವರಲ್ಲಿ ಇಟ್ಟಿರ್ತಾರೆ, ವಾಪಸ್ ಬಂದ ಮೇಲೂ ಹಾಕಿರಲ್ಲ, ಅಜ್ಜಿ ಗಂಜಿ ಬಿಟ್ಟು ಏನೂ ತಿಂತಿಲ್ಲ ಅಂತ ಮನೆಯವ್ರು ಬೇಜಾರು ಮಾಡ್ಕೊಂಡಿರ್ತಾರೆ.

65 ದಾಟಿದವ್ರಿಗೆ ಪೌಷ್ಟಿಕತೆ ಅಳೆಯೋ ಆರೇ ಪ್ರಶ್ನೆಯ ಒಂದು ಪಟ್ಟಿ ಇದೆ, ಎಂಎನ್‌ಎ ಅಂತಾರೆ, ಅದರ ಚಿಕ್ಕ ರೂಪ. ಮೂರು ತಿಂಗಳಲ್ಲಿ ಊಟ ಕಡಿಮೆ ಆಗಿದ್ಯಾ, ತೂಕ ಇಳಿದಿದ್ಯಾ, ಓಡಾಡ್ತಾರಾ, ದೊಡ್ಡ ಕಾಯಿಲೆ ಅಥವಾ ಮನಸ್ಸಿಗೆ ಆಘಾತ ಆಗಿದ್ಯಾ, ಮರೆವು ಖಿನ್ನತೆ ಇದ್ಯಾ, ಎತ್ತರಕ್ಕೆ ತಕ್ಕ ತೂಕ ಇದ್ಯಾ, ಅದು ಗೊತ್ತಾಗದಿದ್ರೆ ಮೀನಖಂಡದ ಅಳತೆ. ಒಟ್ಟು 14 ಅಂಕ, 12 ಇಲ್ಲ ಅದಕ್ಕಿಂತ ಮೇಲೆ ಬಂದ್ರೆ ಪರವಾಗಿಲ್ಲ, 8ರಿಂದ 11 ಅಪಾಯದ ಅಂಚು, 7 ಮತ್ತೆ ಅದಕ್ಕಿಂತ ಕೆಳಗೆ ಅಂದ್ರೆ ಅಪೌಷ್ಟಿಕತೆ ಇದೆ ಅಂತಲೇ. ಸೊಂಟ ಮುರ್ಕೊಂಡ ಅಜ್ಜಿಗೆ ಓಡಾಟದ ಅಂಕ, ಕಾಯಿಲೆ ಅಂಕ ಎರಡೂ ಮೊದ್ಲೇ ಹೋಗಿರುತ್ತೆ, ಹಂಗಾಗಿ ಹೆಚ್ಚಿನವ್ರು ಅಪಾಯದ ಅಂಚಲ್ಲೇ ಬಂದು ನಿಲ್ತಾರೆ.

ಈಗ ಅಜ್ಜಿ ಲೆಕ್ಕ ಹಾಕೋಣ, 45 ಕೆಜಿ ಅಂತಲೇ ಇಟ್ಕೊಳ್ಳಿ. ಕೆಜಿಗೆ 30 ಕ್ಯಾಲೊರಿಯಂತೆ ದಿನಕ್ಕೆ 1350. ಪ್ರೋಟೀನು ಆರೋಗ್ಯವಾಗಿರೋ ದೊಡ್ಡವ್ರಿಗೆ ಕೆಜಿಗೆ 0.83 ಗ್ರಾಂ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ, ಆದ್ರೆ ವಯಸ್ಸಾಗಿ, ಪೆಟ್ಟಾಗಿ, ಆಪರೇಷನ್ನೂ ಆಗಿರೋರಿಗೆ 1.2ರಿಂದ 1.5 ಬೇಕು, ಅಂದ್ರೆ 54ರಿಂದ 68 ಗ್ರಾಂ. ಈಗ ನಿನ್ನೆ ತಿಂದಿದ್ದು ಬರೀರಿ. ಬೆಳಿಗ್ಗೆ ಕಾಪಿ, ಎರಡು ಬಿಸ್ಕತ್ತು. ತಿಂಡಿಗೆ ಅರ್ಧ ಅಕ್ಕಿ ರೊಟ್ಟಿ. ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಅನ್ನ, ತಿಳಿಸಾರು. ಸಾಯಂಕಾಲ ಮತ್ತೆ ಕಾಪಿ. ರಾತ್ರಿ ಗಂಜಿ, ಉಪ್ಪಿನಕಾಯಿ. ಕೇಳೋಕೆ ಐದು ಹೊತ್ತು ತಿಂದಂಗೆ ಇದೆ ಅಲ್ವಾ, ಮನೆಯವ್ರೂ ಪಾಪ ಅಜ್ಜಿ ಚೆನ್ನಾಗೇ ತಿಂತಾರೆ ಅಂತಲೇ ಹೇಳ್ತಾರೆ. ಕೂಡಿಸಿ ನೋಡಿ: ರೊಟ್ಟಿಯಲ್ಲಿ 2 ಗ್ರಾಂ ಪ್ರೋಟೀನು, ಅನ್ನದಲ್ಲಿ 4, ಗಂಜಿಯಲ್ಲಿ 2, ಎರಡು ಕಾಪಿಯ ಹಾಲಲ್ಲಿ 4, ಸಾರು ಬಿಸ್ಕತ್ತು ಸೇರಿ 3. ಒಟ್ಟು 15 ಗ್ರಾಂ! ಬೇಕಿದ್ದಿದ್ದು 54. ಕ್ಯಾಲೊರಿ 650 ಆಸುಪಾಸು, ಅದೂ ಬೇಕಾದ್ದರ ಅರ್ಧ ಇಲ್ಲ. ಈ ಅಜ್ಜಿಗೆ ಎಷ್ಟು ಕ್ಯಾಲ್ಸಿಯಂ ಮಾತ್ರೆ ಕೊಟ್ರೇನು ಬಂತು, ದೇಹ ತನ್ನ ಮಾಂಸವನ್ನೇ ಕರಗಿಸಿ ಹೊಟ್ಟೆ ತುಂಬಿಸ್ಕೊಳ್ತಾ ಇದೆ. ಆರೋಗ್ಯವಾಗಿರೋ ವಯಸ್ಸಾದವ್ರನ್ನೇ ಬರೀ 10 ದಿನ ಹಾಸಿಗೇಲಿ ಮಲಗಿಸಿ ನೋಡಿದ ಒಂದು ಅಧ್ಯಯನ ಇದೆ, ಕಾಲಿನ ಮಾಂಸವೇ ಹತ್ತತ್ರ ಒಂದು ಕೆಜಿ ಕಮ್ಮಿ ಆಗಿತ್ತು. ಪೆಟ್ಟು ಬೇರೆ ಬಿದ್ದು, ಊಟನೂ ಸೇರದಿದ್ರೆ ಕೇಳ್ಬೇಕಾ. ಮೂಳೆ ಕೂಡಿದ ಮೇಲೂ ಎದ್ದು ನಿಲ್ಲೋಕೆ ಕಾಲಲ್ಲಿ ಬಲವೇ ಇರಲ್ಲ.

ಕಮ್ಮಿ ಬಿದ್ದ 40 ಗ್ರಾಂ ತುಂಬಿಸೋದು ಕಷ್ಟ ಏನಲ್ಲ. ಎರಡು ಮೊಟ್ಟೆ 12, ದೊಡ್ಡ ಲೋಟ ಹಾಲು 8, 100 ಗ್ರಾಂ ಕೋಳಿಯೋ ಮೀನೋ 20, ಅಲ್ಲಿಗೆ ಆಯ್ತು. ಪಂದಿನೂ ಆಗುತ್ತೆ, ಕೊಬ್ಬು ಕಡಿಮೆ ಇರೋ ತುಂಡು ಆರಿಸಿ ಚೆನ್ನಾಗಿ ಬೇಯಿಸಿ, ಅಜ್ಜಿಗೆ ಅಗಿಯೋಕೆ ಬರೋ ಹಾಗೆ ಬಿಡಿಸಿ ಕೊಡಿ. ಮಾಂಸ ತಿನ್ನದ ಮನೆಯವ್ರು 50 ಗ್ರಾಂ ಸೋಯಾ ಚಂಕ್ಸ್ ಬೇಯಿಸಿ ಸಾರಿಗೆ ಹಾಕಿದ್ರೆ 25 ಗ್ರಾಂ ಬರುತ್ತೆ, ಹೆಸರುಕಾಳು, ಕಡಲೆ, ಮೊಸರು, ಶೇಂಗಾ ಇದ್ದೇ ಇದೆ. ಒಂದೇ ಹೊತ್ತಿಗೆ ಎಲ್ಲಾ ತುರುಕಬೇಡಿ, ಹೊತ್ತಿಗೆ 15–20 ಗ್ರಾಂ ಪ್ರೋಟೀನು ಬರೋ ಹಾಗೆ ಹಂಚಿ. ಬೆಲ್ಲದ ಕರಿ ಕಾಪಿ ಕುಡಿಯೋ ಅಭ್ಯಾಸ ಇದ್ರೆ ಅದನ್ನ ಹಾಲಿನ ಕಾಪಿ ಮಾಡಿ, ಅರ್ಧ ಹಾಲು. ದಿನಕ್ಕೆ ಎರಡು ಕಾಪಿಯಿಂದ ಮೂಳೆಗೆ ಏನೂ ಆಗಲ್ಲ, ಕಾಪಿ ನಾಡಲ್ಲಿ ಕಾಪಿ ಬಿಡಿ ಅಂತ ಹೇಳೋಕೆ ನಾನು ಬಂದಿಲ್ಲ, ಊಟದ ಜೊತೆಗೇ ಕುಡೀಬೇಡಿ ಅಷ್ಟೇ, ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲ.

ಹಾಂ, ಒಂದು ಎಚ್ಚರಿಕೆ. ಐದು ದಿನಕ್ಕಿಂತ ಜಾಸ್ತಿ ಏನೂ ತಿಂದೇ ಇಲ್ಲ ಅನ್ನೋರಿಗೆ ಒಮ್ಮೆಲೇ ಪೂರ್ತಿ ಊಟ ಕೊಡಬಾರದು, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಹೃದಯಕ್ಕೇ ತೊಂದ್ರೆ ಆಗ್ಬಹುದು. ಡಾಕ್ಟರ್‌ಗೆ ಹೇಳಿ, ಅವ್ರು ಹೇಳಿದ ಹಾಗೆ ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸ್ಬೇಕು. ಕಿಡ್ನಿ ತೊಂದ್ರೆ ಇರೋರಿಗೆ ಪ್ರೋಟೀನು ಏರಿಸೋ ಮೊದ್ಲೂ ಕೇಳ್ಲೇಬೇಕು.

ಕಾಲು ಸೂಪಿನ ವಿಷಯ. ಬೇಡ ಅಂತಲ್ಲ, ಬಾಯಿಗೆ ರುಚಿ, ಮೈಗೆ ಬೆಚ್ಚಗೆ, ನೀರಿನ ಅಂಶನೂ ಹೋಗುತ್ತೆ. ಆದ್ರೆ ಎಷ್ಟು ಹೊತ್ತು ಕುದಿಸಿದ್ರೂ ಮೂಳೆಯಿಂದ ಸೂಪಿಗೆ ಇಳಿಯೋ ಕ್ಯಾಲ್ಸಿಯಂ ತೀರಾ ಕಡಿಮೆ, ಒಂದು ಲೋಟ ಹಾಲಿನ ಹತ್ರಕ್ಕೂ ಬರಲ್ಲ. ಆರಿದ ಮೇಲೆ ಗಟ್ಟಿ ಆಗುತ್ತಲ್ಲ ಅದು ಜೆಲಾಟಿನ್, ಪ್ರೋಟೀನೇ ಹೌದು, ಆದ್ರೆ ದೇಹಕ್ಕೆ ಬೇಕಾದ ಅಮೈನೋ ಆಮ್ಲ, ಅಂದ್ರೆ ಪ್ರೋಟೀನಿನ ಬಿಡಿ ತುಣುಕುಗಳು, ಎಲ್ಲಾ ಅದರಲ್ಲಿಲ್ಲ. ನನಗೆ ಬೇಜಾರಾಗೋದು ಎಲ್ಲಿ ಅಂದ್ರೆ ಮೊದ್ಲೇ ಹಸಿವು ಕಡಿಮೆ ಇರೋರಿಗೆ ಊಟಕ್ಕೆ ಅರ್ಧ ಗಂಟೆ ಮುಂಚೆ ದೊಡ್ಡ ಬಟ್ಟಲು ಸೂಪು ಕುಡಿಸ್ತಾರೆ, ಹೊಟ್ಟೆ ತುಂಬಿ ಹೋಗುತ್ತೆ, ಆಮೇಲೆ ಊಟ ಎರಡು ತುತ್ತು. ಸೂಪು ಕೊಡಿ, ಊಟ ಆದ್ಮೇಲೆ ಕೊಡಿ, ಇಲ್ಲ ಅದೇ ಸೂಪಿಗೆ ಒಂದು ಮೊಟ್ಟೆ ಒಡೆದು ಹಾಕಿ.

ಕೆಲಸದವ್ರ ಲೆಕ್ಕ ಬೇರೆ ಅಂದ್ನಲ್ಲ. 30 ವರ್ಷದ ಗಂಡಸು, 55 ಕೆಜಿ, 163 ಸೆಂಟಿಮೀಟರ್ ಎತ್ತರ, ಮರದಿಂದ ಬಿದ್ದು ತೊಡೆ ಮೂಳೆ ಮುರಿದಿದೆ ಅಂತಿಟ್ಕೊಳ್ಳಿ. 1990ರಲ್ಲಿ ಬಂದ ಮಿಫ್ಲಿನ್ ಸೂತ್ರ ಹಾಕಿದ್ರೆ, ತೂಕಕ್ಕೆ 10ರಿಂದ ಗುಣಿಸಿ, ಎತ್ತರಕ್ಕೆ 6.25ರಿಂದ ಗುಣಿಸಿ, ಎರಡೂ ಕೂಡಿಸಿ, ವಯಸ್ಸಿನ ಐದರಷ್ಟು ಕಳೆದು, ಗಂಡಸಿಗೆ 5 ಸೇರಿಸ್ಬೇಕು, 1424 ಕ್ಯಾಲೊರಿ ಬರುತ್ತೆ. ಸುಮ್ನೆ ಮಲಗಿದ್ರೂ ಉಸಿರಾಡೋಕೆ ಇಷ್ಟು ಬೇಕು. ಪೆಟ್ಟು ವಾಸಿ ಆಗೋದಕ್ಕೆ, ಹಾಸಿಗೇಲಿ ಹೊರಳೋದಕ್ಕೆ ಅಂತ ನೂರಕ್ಕೆ 30 ಸೇರಿಸಿದ್ರೆ 1850. ಬಾಯಿಲೆಕ್ಕದಲ್ಲಿ ಕೆಜಿಗೆ 30ರಿಂದ 35 ಅಂದ್ರೂ 1650ರಿಂದ 1925, ಹತ್ತಿರ ಹತ್ತಿರ ಅದೇ. ಪ್ರೋಟೀನು ಕೆಜಿಗೆ 1.5ರಂತೆ 80 ಗ್ರಾಂ ಮೇಲೆ. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಏಣಿ ಹತ್ತಿ ಇಳೀತಾ ದಿನಾ ದುಡೀತಿದ್ದಾಗ ಆತ ತಿಂತಿದ್ದ ಅನ್ನದ ರಾಶಿ ಈಗ ಬೇಡ, ಒಟ್ಟು ಊಟ ಸ್ವಲ್ಪ ಕಡಿಮೆ ಆದ್ರೂ ಪರವಾಗಿಲ್ಲ, ಆದ್ರೆ ಪ್ರೋಟೀನು ಮುಂಚೆಗಿಂತ ಜಾಸ್ತಿ ಬೇಕು. ಲೈನ್‌ಮನೇಲಿ, ಅಂದ್ರೆ ತೋಟದ ಕೆಲಸದವ್ರ ಸಾಲು ಮನೆಗಳಲ್ಲಿ, ನಡೆಯೋದು ಉಲ್ಟಾ, ಸಂಬಳ ನಿಂತಿರುತ್ತೆ, ಮೊದ್ಲು ಕಡಿತ ಆಗೋದೇ ಮೊಟ್ಟೆ, ಮೀನು. ಅನ್ನ ಸಾರು ಮಾತ್ರ ಉಳಿಯುತ್ತೆ. ಇಲ್ಲಿ ತೋಟದ ಸಾಹುಕಾರ್ರು ಯಾರಾದ್ರೂ ಇದ್ರೆ ಕೇಳ್ಕೊಳ್ತೀನಿ, ಹಣ್ಣಿನ ಕವರ್ ಹಿಡ್ಕೊಂಡು ಒಂದ್ಸಲ ನೋಡ್ಕೊಂಡು ಬರೋ ಬದ್ಲು ಆ ಮನೆಗೆ ತಿಂಗಳಿಗೆ ಎರಡು ಟ್ರೇ ಮೊಟ್ಟೆ ಕಳಿಸಿ, ಅದು ನಿಜವಾದ ಸಹಾಯ. ಬೀಡಿ, ಹೊಗೆಸೊಪ್ಪು, ಕುಡಿತ ಇದ್ಯಾ ಅಂತಲೂ ಸಮಾಧಾನವಾಗಿ ಕೇಳಿ, ತಂಬಾಕಿನಿಂದ ಮೂಳೆ ಕೂಡೋದು ನಿಧಾನ ಆಗುತ್ತೆ, ಕುಡಿಯೋರು ಊಟನೇ ಬಿಟ್ಟಿರ್ತಾರೆ.

ಕ್ಯಾಲ್ಸಿಯಂ ಬೇಡ ಅಂತ ಯಾರೂ ತಿಳ್ಕೋಬೇಡಿ. ದೊಡ್ಡವ್ರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸ್ರಿಗೆ 1200 ಬೇಕು. ನಮ್ಮ ದಕ್ಷಿಣ ಕೊಡಗಲ್ಲಿ ಬೆಳಿಗ್ಗೆ ರೊಟ್ಟಿ, ಇಲ್ಲ ಕಡಂಬುಟ್ಟು ನೂಲ್‌ಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅಕ್ಕಿಯದೇ ಏನಾದ್ರೂ, 100 ಗ್ರಾಂ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಕ್ಯಾಲ್ಸಿಯಂ ಇಲ್ಲ. ಕುಶಾಲನಗರ, ಸೋಮವಾರಪೇಟೆ ಕಡೆಯವ್ರು ರಾಗಿ ತಿಂತಾರೆ, 100 ಗ್ರಾಂ ರಾಗಿಯಲ್ಲಿ 360 ಇದೆ, ಒಂದು ಹೊತ್ತು ಮುದ್ದೆನೋ ರಾಗಿ ಗಂಜಿನೋ ಮಾಡ್ಕೊಳ್ಳಿ. ನುಗ್ಗೆ ಸೊಪ್ಪು, ಎಳ್ಳು, ಮುಳ್ಳು ಸಮೇತ ತಿನ್ನೋ ಸಣ್ಣ ಒಣ ಮೀನು, ಹಾಲು ಮೊಸರು. ಇವಿಷ್ಟು ಆದ್ಮೇಲೂ ಕೊರತೆ ಬಿದ್ರೆ ಮಾತ್ರೆ. ಮಾತ್ರೆ ಒಂದ್ಸಲಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ತಗೊಂಡ್ರೆ ಮೈಗೆ ಹತ್ತೋದು ಕಡಿಮೆ, ಕಾರ್ಬೋನೇಟ್ ಅಂತ ಬರೆದಿದ್ರೆ ಊಟ ಆದ ಕೂಡ್ಲೇ ತಗೊಳ್ಳಿ, ಕಬ್ಬಿಣದ ಮಾತ್ರೆ ಜೊತೆ ಬೇಡ, ಥೈರಾಯ್ಡ್ ಮಾತ್ರೆ ತಗೋಳೋರು ನಾಲ್ಕು ಗಂಟೆ ಅಂತರ ಇಡಿ.

ವಿಟಮಿನ್ ಡಿ ನಮ್ಮೂರಲ್ಲಿ ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ನೋಡೋಕೇ ಸಿಗಲ್ಲ, ಭಾಗಮಂಡಲದ ಕಡೆಯವ್ರಿಗಂತೂ ಹೇಳೋದೇ ಬೇಡ. ಬಿದ್ದವ್ರು ಮೊದ್ಲೇ ಒಳಗೆ ಮಲಗಿರ್ತಾರೆ, ಕಿಟಕಿ ಗಾಜಿನ ಹಿಂದೆ ಕೂತ್ರೆ ಪ್ರಯೋಜನ ಇಲ್ಲ, ವಿಟಮಿನ್ ಡಿ ಮಾಡೋ ಕಿರಣ ಗಾಜು ದಾಟಲ್ಲ. ಒಂದು ಎಂಎಲ್ ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ರೆ ಕೊರತೆ ಅಂತಾರೆ. ಡಾಕ್ಟರ್ 60,000 ಯೂನಿಟ್ ಸ್ಯಾಶೆ ಬರೀತಾರಲ್ಲ, ಅದು ವಾರಕ್ಕೊಂದು, ದಯವಿಟ್ಟು ದಿನಾ ಒಂದು ಕೊಡಬೇಡಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಕುತ್ತು ಬರುತ್ತೆ. ಚೀಟಿ ಮೇಲೆ ವಾರದ ದಿನ ಬರೆದು ಗೋಡೆಗೆ ಅಂಟಿಸಿ, ಭಾನುವಾರ ಅಂದ್ರೆ ಭಾನುವಾರ. ಕಕ್ಕಡ ಪದಿನೆಟ್ಟಿಗೆ, ಅಂದ್ರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಮದ್ದು ಸೊಪ್ಪಿನ ಪಾಯಸ ಮಾಡಿದಾಗ ರೋಗಿಗೂ ಒಂದು ಬಟ್ಟಲು ಕೊಡಿ, ಸಂತೋಷವಾಗಿ ತಿನ್ಲಿ, ಆದ್ರೆ ಅದೇ ಮೂಳೆಗೆ ಮದ್ದು ಅಂತ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ರಕ್ತ ಪರೀಕ್ಷೆ ಬಗ್ಗೆ ಒಂದೇ ಮಾತು. ರಿಪೋರ್ಟಲ್ಲಿ ಆಲ್ಬುಮಿನ್ (ರಕ್ತದಲ್ಲಿರೋ ಒಂದು ಪ್ರೋಟೀನು) ಕಡಿಮೆ ಇದೆ ಅಂತ ಕಂಡ ಕೂಡ್ಲೇ ಪ್ರೋಟೀನ್ ಕಮ್ಮಿ ಅಂತ ಪುಡಿ ಡಬ್ಬ ತರ್ತಾರೆ. ಪೆಟ್ಟಾದಾಗ, ಆಪರೇಷನ್ ಆದಾಗ, ಸೋಂಕಾದಾಗ ಆಲ್ಬುಮಿನ್ ತಾನಾಗೇ ಇಳಿಯುತ್ತೆ, ಅದು ಊಟದ ಅಳತೆ ಅಲ್ಲ. ತಟ್ಟೆ, ತೂಕ ಇವೆರಡನ್ನೇ ನಂಬಿ. ಪುಡಿ ತರಲೇಬೇಕಾದ್ರೆ ಡಬ್ಬದ ಹಿಂದೆ 100 ಗ್ರಾಂಗೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಓದಿ, ಎಷ್ಟೋ ಮಾಲ್ಟ್ ಪುಡಿಗಳಲ್ಲಿ ಸಕ್ಕರೆನೇ ಮುಂದಿರುತ್ತೆ. ಶುಗರ್ ಇರೋ ಮನೆಯವ್ರು ಇನ್ನೊಂದು ಅತಿ ಮಾಡ್ತಾರೆ, ಶುಗರ್ ಏರುತ್ತೆ ಅಂತ ಅಜ್ಜಿಗೆ ಊಟವನ್ನೇ ಕಟ್ ಮಾಡ್ತಾರೆ, ಅದು ಬೇಡ, ಮಾತ್ರೆ ಇನ್ಸುಲಿನ್ ಸರಿ ಮಾಡ್ಸಿ ಊಟ ಕೊಡಿ.

ಪಥ್ಯದ ಬಗ್ಗೆ ಕೇಳಿದ್ರು. ಮುರಿದ ಮೂಳೆಗೆ ಕಟ್ಟು ಕಟ್ಟುವ ನಾಟಿ ವೈದ್ಯರು ಮೊಟ್ಟೆ ನಂಜು, ಮೀನು ನಂಜು, ಮೊಸರು ಬೇಡ, ಕಾಳು ವಾಯು ಅಂತ ಒಂದೊಂದಾಗಿ ಬಿಡಿಸ್ತಾರೆ. ಹಿರಿಯರ ಮಾತನ್ನ ತಳ್ಳಿಹಾಕಿ ಜಗಳ ಆಡೋದು ನನಗಿಷ್ಟ ಇಲ್ಲ, ಆದ್ರೆ ಅಷ್ಟೂ ಬಿಟ್ರೆ ಪ್ರೋಟೀನು ಎಲ್ಲಿಂದ ಬರ್ಬೇಕು. ಅದಕ್ಕೆ ನಾನು ಕೇಳೋದು ಹಿಂಗೆ: ಸರಿ ಅಜ್ಜಿ, ಮೊಟ್ಟೆ ಬೇಡ ಅಂದ್ರೆ ಅದರ ಬದ್ಲು ಏನು ತಿಂತೀರ ಹೇಳಿ, ಹಾಲು ಆಗುತ್ತಾ, ಕೋಳಿ ಆಗುತ್ತಾ, ಹೆಸರುಕಾಳು ಆಗುತ್ತಾ. ಒಂದು ಬಿಟ್ರೆ ಒಂದು ಸೇರ್ಬೇಕು, ಅಷ್ಟಿದ್ರೆ ಸಾಕು.

ಇನ್ನೊಂದು ಯಾರೂ ಬಾಯಿಬಿಟ್ಟು ಹೇಳದ ಕಾರಣ ಇದೆ. ಅಜ್ಜಿ ಬೇಕಂತಲೇ ಕಡಿಮೆ ತಿಂತಾರೆ, ನೀರು ಕುಡಿಯಲ್ಲ, ಯಾಕಂದ್ರೆ ಮತ್ತೆ ಬೆಡ್‌ಪ್ಯಾನ್ ಇಡೋಕೆ ಸೊಸೇನ ಕರೀಬೇಕಲ್ಲ ಅಂತ ನಾಚಿಕೆ. ನೋವಿನ ಮಾತ್ರೆ, ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ ಬೇರೆ, ಹೊಟ್ಟೆ ಉಬ್ಬರಿಸಿ ಹಸಿವೇ ಆಗಲ್ಲ. ಅದಕ್ಕೆ ಊಟದ ಲೆಕ್ಕದ ಜೊತೆ ಮೂತ್ರ ಎಷ್ಟು ಸಲ, ಮಲ ಯಾವಾಗ ಆಯ್ತು ಅಂತಲೂ ನೋಟ್‌ಬುಕ್ಕಲ್ಲಿ ಬರೀರಿ. ಹೃದಯ ಕಿಡ್ನಿ ತೊಂದ್ರೆ ಇಲ್ಲದವ್ರಿಗೆ ಕೆಜಿಗೆ 30 ಎಂಎಲ್ ನೀರು, 45 ಕೆಜಿಗೆ ಹತ್ತತ್ರ ಒಂದೂವರೆ ಲೀಟರ್ ಆಗಲೇಬೇಕು.

ಬ್ರಿಟನ್‌ನ ಕಾರ್ಡಿಫ್‌ನಲ್ಲಿ ಸೊಂಟದ ಮೂಳೆ ಮುರಿದ 65 ದಾಟಿದ ಹೆಂಗಸ್ರ ಮೇಲೆ ಮಾಡಿದ ಒಂದು ಅಧ್ಯಯನ 2006ರಲ್ಲಿ ಬಂತು. ಒಂದು ಗುಂಪಿಗೆ ಎಂದಿನ ಆರೈಕೆ, ಇನ್ನೊಂದು ಗುಂಪಿಗೆ ಅದರ ಜೊತೆ ಊಟದ ಹೊತ್ತಲ್ಲಿ ಪಕ್ಕದಲ್ಲಿದ್ದು ಏನು ಬೇಕು ಕೇಳಿ, ತಟ್ಟೆ ಕೈಗೆಟುಕೋ ಹಾಗೆ ಇಟ್ಟು, ತಿನ್ನೋಕೆ ಸಹಾಯ ಮಾಡೋ ಒಬ್ರು ಸಹಾಯಕಿ. ವಾರ್ಡಲ್ಲೇ ತೀರ್ಕೊಂಡವ್ರು ಎಂದಿನ ಗುಂಪಲ್ಲಿ ನೂರಕ್ಕೆ 10, ಸಹಾಯಕಿ ಇದ್ದ ಗುಂಪಲ್ಲಿ ನೂರಕ್ಕೆ 4. ಹೊಸ ಔಷಧಿ ಏನೂ ಇಲ್ಲ, ಊಟದ ಹೊತ್ತಿಗೆ ಒಬ್ರು ಪಕ್ಕದಲ್ಲಿ ಕೂತಿದ್ದು. ನಮ್ಮ ಮನೆಗಳಲ್ಲಿ ತೋಟಕ್ಕೆ ಹೋಗೋ ಅವಸರದಲ್ಲಿ ಮಂಚದ ಪಕ್ಕ ಸ್ಟೂಲ್ ಮೇಲೆ ತಟ್ಟೆ ಮುಚ್ಚಿಟ್ಟು ಹೋಗ್ತಾರೆ, ಅಜ್ಜಿ ಕೈ ಅಲ್ಲಿಗೆ ಎಟುಕಲ್ಲ, ಬಂದು ನೋಡಿದ್ರೆ ತಟ್ಟೆ ಹಾಗೇ ಇರುತ್ತೆ. ಒಂದು ಹೊತ್ತಾದ್ರೂ ಯಾರಾದ್ರೂ ಜೊತೆಗೆ ಕೂತು ಉಣ್ಣಿ.

ಆಶಾ ಅಕ್ಕಂದಿರಿಗೆ ಕಡೆಯದಾಗಿ. ಮನೆಗೆ ಹೋದಾಗ ಮೂರು ದಿನದ ಊಟ ಬರೆಸಿ, ಅದರಲ್ಲಿ ಒಂದು ದಿನ ಭಾನುವಾರ ಇರ್ಲಿ, ಯಾಕಂದ್ರೆ ಕೋಳಿ ಮಾಡೋದು ಅವತ್ತೇ, ಬರೀ ಭಾನುವಾರ ನೋಡಿದ್ರೂ ಲೆಕ್ಕ ತಪ್ಪುತ್ತೆ, ಬರೀ ಸೋಮವಾರ ನೋಡಿದ್ರೂ ತಪ್ಪುತ್ತೆ. ವಾರಕ್ಕೊಂದ್ಸಲ ಅದೇ ತಕ್ಕಡಿ, ಅದೇ ಹೊತ್ತು, ತೂಕ. ಎರಡು ವಾರ ಸತತ ಇಳೀತಾ ಹೋದ್ರೆ, ಇಲ್ಲ ತಟ್ಟೇಲಿ ದಿನಾ ಅರ್ಧಕ್ಕಿಂತ ಜಾಸ್ತಿ ಉಳೀತಿದ್ರೆ, ಇಲ್ಲ ನುಂಗೋವಾಗ ಕೆಮ್ಮು ಬರ್ತಿದ್ರೆ ಕಾಯಬೇಡಿ, ಆಸ್ಪತ್ರೆಗೆ ಬರೆದು ಕಳಿಸಿ. ಪ್ಲಾಸ್ಟರ್ ತೆಗೆದ ದಿನ ಮತ್ತೆ ಹೊಸದಾಗಿ ಲೆಕ್ಕ ಹಾಕಿ, ಯಾಕಂದ್ರೆ ನಡೆಯೋಕೆ ಶುರು ಮಾಡಿದ ಮೇಲೆ ಹಾಸಿಗೇಲಿದ್ದಾಗಿನ ಕ್ಯಾಲೊರಿ ಸಾಲಲ್ಲ, ಕರಗಿದ ಮಾಂಸ ವಾಪಸ್ ಕಟ್ಟೋ ಕೆಲಸ ಶುರು ಆಗೋದೇ ಅವತ್ತಿಂದ.